ಆಂಟಿ ಸ್ಕಿಡ್ ಅಂದ್ರೆ ಎಷ್ಟು ಸ್ವಾಮಿ?

ಅಪ್ಪ ಜಾರಿ ಬಿದ್ದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಸ್ವಲ್ಪ ನೋಡ್ಕಂಡು ಕಾಲಿಡಕ್ಕೆ ಏನಾಗಿತ್ತು ನಿಂಗೆ?"

ಬಚ್ಚಲ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಎಡಗಾಲು ವಿಚಿತ್ರವಾಗಿ ಹೊರಕ್ಕೆ ತಿರುಗಿತ್ತು. ಬಕೆಟ್ಟು ಉರುಳಿ ನೀರು ಬಾಗಿಲಾಚೆ ಹರಿದು ಬಂದಿತ್ತು. ಅಂಥ ಹೊತ್ತಲ್ಲಿ 71 ವರ್ಷದ ಮನುಷ್ಯನಿಗೆ ಬುದ್ಧಿ ಹೇಳಿದ ಮಗ ನಾನು. ಅಪ್ಪ ಅದಕ್ಕೂ, "ಹೌದು ಮಾರಾಯ, ಗೊತ್ತಾಗ್ಲಿಲ್ಲ ನಂಗೆ" ಅಂತ ತಪ್ಪು ತನ್ನದೇ ಅನ್ನೋ ಹಾಗೆ ಒಪ್ಪಿಕೊಂಡ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಯ್ತು, ರಾಡ್ ಹಾಕಿದ್ರು. ನೋಡಲಿಕ್ಕೆ ಬಂದವರೆಲ್ಲ ಹಣ್ಣಿನ ಕವರಿನ ಜೊತೆ ಅದೇ ಮಾತು ತಂದ್ರು. ವಯಸ್ಸಾಯ್ತಲ್ಲ, ಹುಷಾರಾಗಿರಬೇಕು. ಹಳ್ಳಿಯವರಿಗೆ ಫ್ಲ್ಯಾಟು ಅಭ್ಯಾಸ ಇರಲ್ಲ ನೋಡಿ. ಚಪ್ಪಲಿ ಹಾಕ್ಕೋಬೇಕಿತ್ತು.

ಹಳ್ಳಿಯವರಿಗೆ ಅಭ್ಯಾಸ ಇಲ್ಲವಂತೆ! ಈ ಹಳ್ಳಿಯವನ ಬಗ್ಗೆ ಸ್ವಲ್ಪ ಹೇಳ್ತೀನಿ ಕೇಳಿ. ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಮೂಲೆ. ಜೂನಿಂದ ಸೆಪ್ಟೆಂಬರ್ ತನಕ ಅಂಗಳ, ಮೆಟ್ಟಿಲು, ಬಾವಿಕಟ್ಟೆ ಎಲ್ಲಾ ಹಸಿರು ಪಾಚಿ. ಅಂಗಳದಲ್ಲಿ ಓಡಾಡೋ ದಾರಿಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸ್ತೇವೆ. ಹಳ್ಳ ದಾಟಲಿಕ್ಕೆ ಅಡಿಕೆ ಮರದ್ದೇ ಸಂಕ. ಅಪ್ಪ ಅದರ ಮೇಲೆ ತಲೆಯಲ್ಲಿ ಸೊಪ್ಪಿನ ಹೊರೆ ಹೊತ್ತು, ಬರಿಗಾಲಲ್ಲಿ, ಜಡಿಮಳೆಯಲ್ಲಿ ಅರವತ್ತು ವರ್ಷ ಓಡಾಡಿದವ. ಒಂದು ಸಲವೂ ಮೂಳೆ ಮುರಿದುಕೊಂಡವನಲ್ಲ. ಅಂಥವನು ಬೆಂಗಳೂರಿಗೆ ಬಂದ ಒಂಬತ್ತನೇ ದಿನ, ಕಿಟಕಿ ಇರುವ, ಲೈಟ್ ಇರುವ, ಹಿಡಿದುಕೊಳ್ಳಲಿಕ್ಕೆ ಬಳ್ಳಿಯೂ ಇಲ್ಲದ ನನ್ನ ಬಚ್ಚಲಲ್ಲಿ ಬಿದ್ದ.

ಇದರಲ್ಲಿ ಅಜಾಗ್ರತೆ ಯಾರದ್ದು?

ಪಾಚಿ ಕಣ್ಣಿಗೆ ಕಾಣುತ್ತೆ. ಕಂಡ ಕೂಡ್ಲೇ ಕಾಲು ತಾನೇ ಹೆಜ್ಜೆ ಸಣ್ಣ ಮಾಡುತ್ತೆ, ಹೆಬ್ಬೆರಳು ನೆಲಕ್ಕೆ ಊರುತ್ತೆ, ಹಿಮ್ಮಡಿ ನಿಧಾನವಾಗುತ್ತೆ. ಮನುಷ್ಯ ಬೀಳೋದು ನೆಲ ಜಾರುತ್ತೆ ಅಂತ ಗೊತ್ತಿದ್ದಾಗ ಅಲ್ಲ, ಜಾರಲ್ಲ ಅಂತ ನಂಬಿದಾಗ. ನನ್ನ ಬಚ್ಚಲ ನೆಲ ನೋಡಲಿಕ್ಕೆ ಕಲ್ಲಿನ ಹಾಗಿತ್ತು. ಊರಿನ ಬಚ್ಚಲಲ್ಲಿರೋ ಒರಟು ಚಪ್ಪಡಿಯನ್ನ ನಂಬಿದ ಹಾಗೇ ಅಪ್ಪ ಇದನ್ನೂ ನಂಬಿದ. ನಮ್ಮ ಕಸುಬಿನಲ್ಲೂ ಈ ರೋಗ ಇದೆ ಬಿಡಿ. ಗಿರಾಕಿ ಫೋನ್ ಮಾಡಿ ಹೀಗಾಯ್ತು ಅಂದ್ರೆ "ಯೂಸರ್ ಎರರ್" ಅಂತ ಬರೆದು ಟಿಕೆಟ್ ಮುಚ್ಚೋದು. ಹತ್ತು ಜನ ಅದೇ ಬಟನ್ ತಪ್ಪಾಗಿ ಒತ್ತಿದ್ರೆ ತಪ್ಪು ಬಟನ್ ಇಟ್ಟವನದ್ದು ಅಂತ ಒಪ್ಪಿಕೊಳ್ಳಲಿಕ್ಕೆ ನಮಗೆ ಎರಡು ಮೀಟಿಂಗ್ ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷದ 84 ಸಾವಿರ ಜನ ಬಿದ್ದು ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಎಲ್ಲರೂ ಜಾರಿಯೇ ಬಿದ್ದವರಲ್ಲ, ಒಪ್ಪೋಣ. ಆದ್ರೆ ಇವರೆಲ್ಲರಿಗೂ "ನೋಡ್ಕಂಡು ನಡೀಬೇಕಿತ್ತು" ಅಂತ ಹೇಳಿ ಟಿಕೆಟ್ ಮುಚ್ಚೋಣವಾ?

ಈಗ ನನ್ನ ಪಾಲಿನ ತಪ್ಪೊಪ್ಪಿಗೆ. ಆ ಟೈಲ್ಸ್ ಆರಿಸಿದ್ದು ನಾನೇ.

ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ "ಬಾತ್‌ರೂಮ್, ಬಾಲ್ಕನಿ, ಯುಟಿಲಿಟಿಗೆ ಆಂಟಿ ಸ್ಕಿಡ್ ಸೆರಾಮಿಕ್ ಟೈಲ್ಸ್" ಅಂತ ಒಂದು ಸಾಲು ಇತ್ತು. ನಿಮ್ಮ ಅಗ್ರಿಮೆಂಟಿನಲ್ಲೂ ಇರುತ್ತೆ, ತೆಗೆದು ನೋಡಿ. ಬಿಲ್ಡರ್ ಕೊಟ್ಟ ಮಾದರಿ ಸಪ್ಪೆ ಅನ್ನಿಸಿ, ವ್ಯತ್ಯಾಸದ ದುಡ್ಡು ನಾವೇ ಕೊಡ್ತೀವಿ ಅಂತ ಅವನು ಹೇಳಿದ ಶೋರೂಮಿಗೆ ನಾನು, ಹೆಂಡತಿ ಹೋದ್ವಿ. ಎಸಿ ಶೋರೂಮು, ಮೇಲಿಂದ ಹಳದಿ ಲೈಟು, ಕಾಲಲ್ಲಿ ಶೂ, ನೆಲದಲ್ಲಿ ಒಂದು ಹನಿ ನೀರಿಲ್ಲ. ಗೋಡೆಗೆ ಒರಗಿಸಿಟ್ಟ ಟೈಲ್ಸನ್ನ ಬೆರಳಲ್ಲಿ ಸವರಿ "ಫಿನಿಶ್ ಸೂಪರ್" ಅಂದೆ. ನೆಲಕ್ಕೆ ಹಾಕೋ ವಸ್ತುವನ್ನ ಗೋಡೆಗೆ ನಿಲ್ಲಿಸಿ, ಕಾಲಲ್ಲಿ ತುಳಿಯೋದನ್ನ ಕೈಯಲ್ಲಿ ಮುಟ್ಟಿ, ಒದ್ದೆಯಾಗೋದನ್ನ ಒಣಗಿದಾಗ ನೋಡಿ ಆರಿಸೋದು! ನಾವು ಸಾಫ್ಟ್‌ವೇರ್‌ನವರು ಹೀಗೆ ಟೆಸ್ಟ್ ಮಾಡಿದ್ರೆ ಮ್ಯಾನೇಜರ್ ಉಗೀತಾನೆ. "ಜಾರಲ್ವಾ?" ಅಂತ ಹೆಂಡತಿ ಕೇಳಿದ್ಲು, ಅವಳ ಪುಣ್ಯ. ಹುಡುಗ ಅಂದ, "ಇಲ್ಲ ಮೇಡಂ, ಮ್ಯಾಟ್ ಫಿನಿಶ್ ಅಲ್ವಾ, ಆಂಟಿ ಸ್ಕಿಡ್ಡೇ ಇದು." ಅಲ್ಲಿಗೆ ವಿಚಾರಣೆ ಮುಗೀತು. ಇದೇ ನಾನು ಲ್ಯಾಪ್‌ಟಾಪ್ ತಗೊಳ್ಳೋವಾಗ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವ ತಲೆಮಾರು ಅಂತ ಮೂರು ವಾರ ಓದಿದವನು. ಆ ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೆ ಮೂಲೆ ಸೇರ್ತು. ಟೈಲ್ಸ್ ಮಾತ್ರ ಮನೆ ಇರೋ ತನಕ ಇರುತ್ತೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಆ ಟೈಲ್ಸಿನ ಕ್ಯಾಟಲಾಗ್ ಹುಡುಕಿದೆ. ನಲವತ್ತು ಪುಟ ಸೋಫಾ, ಹೂಕುಂಡ, ನಗುವ ಹೆಂಗಸರ ಫೋಟೋ. ಕೊನೇ ಪುಟದಲ್ಲಿ ಇರುವೆ ಅಕ್ಷರದಲ್ಲಿ ಒಂದು ಕೋಷ್ಟಕ. ನೀರು ಹೀರುವಿಕೆ ಇಷ್ಟು, ಬಾಗುವ ಬಲ ಇಷ್ಟು, ಅಂಚಿನ ನೇರ ಇಷ್ಟು. ಅದರ ನಡುವೆ, ಸ್ಲಿಪ್ ರೆಸಿಸ್ಟೆನ್ಸ್: ಆರ್ 9.

ಒಂಬತ್ತು! ಹತ್ತಕ್ಕೆ ಒಂಬತ್ತು ಅಂಕ ಅಂತ ಅಂದುಕೊಂಡೆ ನಾನು. ಹಾಗಾದ್ರೆ ಅಪ್ಪನದ್ದೇ ತಪ್ಪು ಅಂತಲೂ ಒಂದು ಕ್ಷಣ ಅನ್ನಿಸ್ತು, ಸುಳ್ಳು ಹೇಳಲ್ಲ.

ಆರ್ ಅಂಕಿ ಬಂದಿರೋದು ಜರ್ಮನಿಯಿಂದ, ಡಿನ್ 51130 ಅನ್ನೋ ಪರೀಕ್ಷೆಯಿಂದ. ಒಂದು ಇಳಿಜಾರು ಹಲಗೆಗೆ ಟೈಲ್ಸ್ ಜೋಡಿಸ್ತಾರೆ. ಮೇಲೆ ಎಂಜಿನ್ ಆಯಿಲ್ ಸುರೀತಾರೆ. ಸೊಂಟಕ್ಕೆ ಹಗ್ಗ ಬಿಗಿದ ಒಬ್ಬ ಮನುಷ್ಯ, ಕಾರ್ಖಾನೆಯ ಬೂಟು ಹಾಕ್ಕೊಂಡು, ಅದರ ಮೇಲೆ ಮುಂದಕ್ಕೆ ಹಿಂದಕ್ಕೆ ನಡೀತಾ ಇರ್ತಾನೆ. ಹಲಗೆಯನ್ನ ನಿಧಾನಕ್ಕೆ ಎತ್ತುತ್ತಾ ಹೋಗ್ತಾರೆ. ಯಾವ ಕೋನದಲ್ಲಿ ಜಾರ್ತಾನೋ ಅದೇ ಲೆಕ್ಕ. ಇನ್ನೊಬ್ಬನ ಕೈಲೂ ನಡೆಸಿ ಸರಾಸರಿ ತೆಗೀತಾರೆ. 10 ಡಿಗ್ರಿ ದಾಟಿದ್ರೆ ಆರ್ 10, 19 ದಾಟಿದ್ರೆ ಆರ್ 11, 27ಕ್ಕೆ ಆರ್ 12, 35ರ ಮೇಲೆ ಆರ್ 13. ಆರ್ 9 ಸಿಗಲಿಕ್ಕೆ 6 ಡಿಗ್ರಿ ಸಾಕು. ಅದಕ್ಕಿಂತ ಕೆಳಗೆ ಆರ್ 8 ಇಲ್ಲ, ಆರ್ 7 ಇಲ್ಲ, ಆರ್ 1ಂತೂ ಇಲ್ಲವೇ ಇಲ್ಲ. ಏಣಿ ಶುರುವಾಗೋದೇ ಒಂಬತ್ತರಿಂದ. ನಾನು ಹತ್ತಕ್ಕೆ ಒಂಬತ್ತು ಅಂತ ಓದಿಕೊಂಡದ್ದು ಜಸ್ಟ್ ಪಾಸ್ ಆದವನ ಮಾರ್ಕ್ಸ್ ಕಾರ್ಡು. ಆ ನಂಬರನ್ನ ಹಾಗೆ ಇಟ್ಟವರು ಯಾರೋ, ಟೈಲ್ಸ್ ಮಾರೋರಿಗೆ ಮಾತ್ರ ದೊಡ್ಡ ಉಪಕಾರ ಮಾಡಿದ್ದಾರೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಆ ಪರೀಕ್ಷೆ ಬೂಟುಗಾಲಿನದ್ದು, ವರ್ಕ್‌ಶಾಪು, ದೊಡ್ಡ ಅಡುಗೆಮನೆ, ಕಾರ್ಖಾನೆಗೆ ಮಾಡಿದ್ದು. ನಾವು ಬಚ್ಚಲಿಗೆ ಬೂಟು ಹಾಕ್ಕೊಂಡು ಹೋಗಲ್ಲ. ಬರಿಗಾಲಿಗೆ ಜರ್ಮನ್ನರದ್ದೇ ಬೇರೆ ಪರೀಕ್ಷೆ ಇದೆ, ಡಿನ್ 51097. ಅದರಲ್ಲಿ ಎಣ್ಣೆ ಬದಲು ಸೋಪಿನ ನೀರು, ಬೂಟಿನ ಬದಲು ಬರಿ ಪಾದ. 12 ಡಿಗ್ರಿ ತಡೆದ್ರೆ ಎ ದರ್ಜೆ, 18ಕ್ಕೆ ಬಿ, 24ಕ್ಕೆ ಸಿ. ಬಟ್ಟೆ ಬದಲಿಸೋ ಕೋಣೆಗೆ ಎ ಸಾಕು, ಶವರ್ ಇರೋ ಜಾಗ ಮತ್ತು ಈಜುಕೊಳದ ಸುತ್ತ ಬಿ ಬೇಕು, ನೀರಿಗೆ ಇಳಿಯೋ ಮೆಟ್ಟಿಲಿಗೆ ಸಿ. ನಮ್ಮ ಬಚ್ಚಲು ಇದರಲ್ಲಿ ಯಾವುದು? ಅವರ ಹಾಗೆ ಗಾಜಿನ ಗೂಡಿನೊಳಗೆ ಸ್ನಾನ ಮಾಡೋರಲ್ಲ ನಾವು. ಬಕೆಟ್ಟು, ಚೊಂಬು, ನೆಲವೆಲ್ಲಾ ನೀರು, ಸೋಪಿನ ನೊರೆ. ದೀಪಾವಳಿಗೆ ಮೈತುಂಬ ಎಣ್ಣೆ ಹಚ್ಚಿಕೊಂಡು ಅದೇ ನೆಲದಲ್ಲಿ ನಿಲ್ಲೋರು. ಬರಿಗಾಲು, ಎಣ್ಣೆ, ಸೋಪು ಮೂರೂ ಒಟ್ಟಿಗೆ ಸೇರಿದ ಪರೀಕ್ಷೆಯನ್ನ ಜರ್ಮನಿಯವರು ಕನಸಲ್ಲೂ ಯೋಚಿಸಿರಲಿಕ್ಕಿಲ್ಲ. ಅಂದ ಮೇಲೆ ನಮಗೆ ಕನಿಷ್ಠ ಬಿ ಬೇಡವಾ? ನಿಮ್ಮ ಶೋರೂಮಿನಲ್ಲಿ "ಬರಿಗಾಲಿನ ಎ-ಬಿ-ಸಿ ದರ್ಜೆ ಯಾವುದು?" ಅಂತ ಕೇಳಿ ನೋಡಿ. ನಾನು ಆಮೇಲೆ ಮೂರು ಕಡೆ ಕೇಳಿದೆ. ಒಬ್ಬ "ಎಲ್ಲಾ ಎ ಗ್ರೇಡೇ ಸಾರ್, ಸೆಕೆಂಡ್ಸ್ ನಾವು ಇಡಲ್ಲ" ಅಂದ.

ಬ್ರಿಟನ್ನಿನವರದ್ದು ಇನ್ನೊಂದು ದಾರಿ, ಲೋಲಕ. ಒಂದು ತೋಳಿನ ತುದಿಗೆ ರಬ್ಬರ್ ತುಂಡು. ಮೇಲಿಂದ ಬಿಟ್ರೆ ಅದು ಒದ್ದೆ ನೆಲವನ್ನ ಸವರಿಕೊಂಡು ಆಚೆ ಏರುತ್ತೆ. ನೆಲ ಎಷ್ಟು ಹಿಡಿದುಕೊಳ್ಳುತ್ತೋ ಅಷ್ಟು ಕಡಿಮೆ ಏರುತ್ತೆ. ಹಿಮ್ಮಡಿ ನೆಲಕ್ಕೆ ತಾಗೋ ಕ್ಷಣದ ನಕಲು ಅದು. 1940ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಪರ್ಸಿ ಸಿಗ್ಲರ್ ಅನ್ನೋರು ರೂಪಿಸಿದ್ದನ್ನ ಬ್ರಿಟನ್ನಿನ ರೋಡ್ ರಿಸರ್ಚ್ ಲ್ಯಾಬೊರೇಟರಿ ರಸ್ತೆಗೆ ಒಗ್ಗಿಸಿಕೊಂಡಿತು. ನೆಲಕ್ಕೆ ಅವರ ಲೆಕ್ಕ ಸರಳ. 36 ಮತ್ತು ಮೇಲೆ ಬಂದ್ರೆ ಜಾರೋ ಅಪಾಯ ಕಡಿಮೆ, 25ರಿಂದ 35 ಮಧ್ಯಮ, 24 ಮತ್ತು ಕೆಳಗೆ ಹೆಚ್ಚು. 36ರಲ್ಲಿ ಜಾರೋ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು, 24ರಲ್ಲಿ ಇಪ್ಪತ್ತಕ್ಕೆ ಒಂದು ಅಂತ ಅವರು ಅಂದಾಜಿಸ್ತಾರೆ. ಹನ್ನೆರಡೇ ಅಂಕದ ಅಂತರ ನೋಡಿ. ಈ ಯಂತ್ರವನ್ನ ಹೊತ್ತುಕೊಂಡು ಹೋಗಿ ಹಾಕಿದ ನೆಲದ ಮೇಲೇ ಪರೀಕ್ಷೆ ಮಾಡಬಹುದು, ಬರಿಗಾಲಿಗೆ ಬೇರೆ ಮೆತ್ತನೆ ರಬ್ಬರೂ ಇದೆ.

ಹೊಟ್ಟೆ ಉರಿಸೋ ವಿಷಯ ಇಲ್ಲಿದೆ. ಈ ಲೋಲಕ ನಮ್ಮ ದೇಶಕ್ಕೆ ಅಪರಿಚಿತ ಏನಲ್ಲ. ನಮ್ಮ ಹೆದ್ದಾರಿಯ ಡಾಂಬರಿನ ಮೇಲ್ಪದರಕ್ಕೆ ಹಾಕೋ ಜಲ್ಲಿ, ಟೈರು ಉಜ್ಜಿ ಉಜ್ಜಿ ನುಣುಪಾದ ಮೇಲೂ ಎಷ್ಟು ಹಿಡಿತ ಉಳಿಸಿಕೊಳ್ಳುತ್ತೆ ಅಂತ ಅಳೆಯೋದು ಇದೇ ಲೋಲಕದಿಂದ. ಕೇಂದ್ರ ಸಾರಿಗೆ ಸಚಿವಾಲಯದ ನಿಯಮದ ಪುಸ್ತಕ ಅಂಥ ಜಲ್ಲಿಗೆ ಕನಿಷ್ಠ 55 ಅಂತ ಅಂಕಿ ಬರೆದಿಟ್ಟಿದೆ. ರಸ್ತೆ ಹಾಕೋರು ಅದನ್ನ ಪಾಲಿಸ್ತಾರೋ ಇಲ್ಲವೋ, ಅದು ಬೇರೆ ಜಗಳ. ಕೇಳಲಿಕ್ಕೆ ಒಂದು ಅಂಕಿಯಾದ್ರೂ ಇದೆ. ಲಾರಿ ಟೈರಿಗೆ ಸಿಕ್ಕಿದ ಆ ಮರ್ಯಾದೆ ನನ್ನ ಅಪ್ಪನ ಪಾದಕ್ಕೆ ಸಿಗಲಿಲ್ಲ. ಅವನಿಗೆ ಸಿಕ್ಕಿದ್ದು "ಆಂಟಿ ಸ್ಕಿಡ್" ಅನ್ನೋ ವಿಶೇಷಣ.

ಅಂಕಿ ಇದ್ರೆ ಸಾಕು ಅಂತಲೂ ಹೇಳ್ತಿಲ್ಲ ನಾನು. ಯಾವ ಪರೀಕ್ಷೆಯ ಅಂಕಿ ಅಂತಲೂ ಕೇಳಬೇಕು. ಅಮೆರಿಕದವರು ವರ್ಷಾನುಗಟ್ಟಲೆ ಸಿ 1028 ಅನ್ನೋ ಪರೀಕ್ಷೆ ನಂಬಿಕೊಂಡಿದ್ರು. ನೆಲದ ಮೇಲೆ ಒಂದು ಭಾರ ಇಟ್ಟು, ಅದು ನಿಂತಲ್ಲಿಂದ ಕದಲಲಿಕ್ಕೆ ಎಷ್ಟು ಬಲ ಬೇಕು ಅಂತ ಎಳೆದು ನೋಡೋದು. 0.60 ಬಂದ್ರೆ ಪಾಸು. ಆದ್ರೆ ಎರಡು ಒದ್ದೆ ಸ್ಟೀಲ್ ಲೋಟ ಒಂದರೊಳಗೊಂದು ಕಚ್ಚಿಕೊಳ್ಳೋದನ್ನ ನೋಡಿದ್ದೀರಲ್ಲ? ತುಂಬ ನುಣುಪಾದ ಒದ್ದೆ ಟೈಲ್ಸು ಸಹ ಆ ಭಾರವನ್ನ ಹಾಗೇ ಕಚ್ಚಿಕೊಂಡು ಚೆನ್ನಾಗಿ ಅಂಕ ತಗೋತಿತ್ತು! ನಡೆಯೋ ಮನುಷ್ಯನನ್ನ ಬೀಳಿಸೋ ನೆಲವೇ ಕಾಗದದಲ್ಲಿ ಪಾಸು. ಕೊನೆಗೆ 2014ರಲ್ಲಿ ಆ ಪರೀಕ್ಷೆಯನ್ನ ಹಿಂದಕ್ಕೆ ತಗೊಂಡ್ರು. ಈಗ ಚಲಿಸ್ತಾ ಇರೋವಾಗಿನ ಘರ್ಷಣೆ ಅಳೀತಾರೆ, ಒದ್ದೆಯಾಗೋ ಸಮತಟ್ಟು ಒಳಾಂಗಣಕ್ಕೆ ಕನಿಷ್ಠ 0.42. ಸೋಪು, ಎಣ್ಣೆ ಬೀಳೋ ಕಡೆ ಇಷ್ಟು ಸಾಕು ಅಂದುಕೋಬೇಡಿ ಅಂತ ಅವರೇ ಎಚ್ಚರಿಸ್ತಾರೆ. ಹಳೇ ಕ್ಯಾಟಲಾಗಿನ 0.60 ಅನ್ನ ಹೊಸ 0.42ರ ಜೊತೆ ಇಟ್ಟು, ಆರು ದೊಡ್ಡದು ಅಂತ ಹಿಗ್ಗೋದು ಡಾಲರಿಗೆ ರೂಪಾಯಿ ಹೋಲಿಸಿದ ಹಾಗೆ.

ಶೋರೂಮಿನ ಹುಡುಗರು ನಂಬಿಸೋ ಎರಡು ಮಾತಿಗೂ ಇಲ್ಲೇ ಉತ್ತರ ಹೇಳಿಬಿಡ್ತೀನಿ. ವಿಟ್ರಿಫೈಡ್ ಜಾರುತ್ತೆ, ಸೆರಾಮಿಕ್ ಜಾರಲ್ಲ ಅಂತಾರೆ. ಆ ವ್ಯತ್ಯಾಸ ಟೈಲ್ಸಿನ ಒಡಲು ಎಷ್ಟು ನೀರು ಹೀರುತ್ತೆ ಅನ್ನೋದರದ್ದು, 0.5 ಶೇಕಡಾಕ್ಕಿಂತ ಕಮ್ಮಿ ಹೀರಿದ್ರೆ ವಿಟ್ರಿಫೈಡ್. ಕಾಲು ತಾಗೋದು ಒಡಲಿಗಲ್ಲ, ಮೇಲ್ಮೈಗೆ. ಇನ್ನು ಮ್ಯಾಟ್. ಮ್ಯಾಟ್ ಅಂದ್ರೆ ಬೆಳಕು ಹೊಳೆಯಲ್ಲ ಅಂತ ಅಷ್ಟೇ, ಕಾಲು ಜಾರಲ್ಲ ಅಂತ ಅಲ್ಲ. ಒದ್ದೆ ನೆಲದಲ್ಲಿ ಹಿಮ್ಮಡಿ ಇಟ್ಟಾಗ ಪಾದಕ್ಕೂ ನೆಲಕ್ಕೂ ನಡುವೆ ನೀರಿನ ತೆಳು ಪೊರೆ ಸಿಕ್ಕಿಕೊಳ್ಳುತ್ತೆ. ಆ ಪೊರೆಯನ್ನ ಸೀಳಿ ಮೇಲೆ ಬರೋ ಸಣ್ಣ ಸಣ್ಣ ಶಿಖರಗಳು ನೆಲದಲ್ಲಿರಬೇಕು. ಬರೀ ನೀರು ಬೀಳೋ ಕಡೆಗೆ ಬ್ರಿಟನ್ನಿನವರು ಕೇಳೋ ಒರಟುತನ 20 ಮೈಕ್ರಾನ್. ನಿಮ್ಮ ಆಫೀಸಿನ ಪ್ರಿಂಟರ್ ಹಾಳೆಯ ದಪ್ಪದಲ್ಲಿ ಸುಮಾರು ಐದನೇ ಒಂದು ಪಾಲು. ಕಣ್ಣಿಗೆ ಕಾಣೋದಲ್ಲ ಇದು, ಅದಕ್ಕೇ ಕಣ್ಣಲ್ಲಿ ನೋಡಿ ಆರಿಸೋದು ಹುಚ್ಚುತನ ಅನ್ನೋದು.

"ಒರಟಾದ್ರೆ ಕೊಳೆ ಕೂರುತ್ತೆ, ಉಜ್ಜೋರು ಯಾರು?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಮನೆಗೆ ಆರ್ 13 ಹಾಕಿಸಿ ಅಂತ ನಾನೂ ಹೇಳಲ್ಲ, ಅದು ಪಾದಕ್ಕೂ ಹಿಂಸೆ, ಉಜ್ಜೋಕೆ ಬರೋ ಅಕ್ಕನಿಗೂ ಹಿಂಸೆ. ಬಿ ದರ್ಜೆಯದ್ದನ್ನ ವಾರಕ್ಕೊಂದು ಸಲ ಬ್ರಷ್ ಹಾಕಿದ್ರೆ ಆಗುತ್ತೆ. ಉಜ್ಜದೆ ಬಿಟ್ರೆ ಸೋಪಿನ ಜಿಡ್ಡು ಆ ಸಣ್ಣ ಗುಂಡಿಗಳನ್ನೆಲ್ಲ ತುಂಬಿ ಒಳ್ಳೇ ಟೈಲ್ಸೂ ಜಾರುತ್ತೆ, ಅದೂ ನಿಜ. "ಮ್ಯಾಟು ಹಾಸಿದ್ರೆ ಮುಗೀತಲ್ಲ" ಅನ್ನೋರಿದ್ದಾರೆ. ಆ ರಬ್ಬರ್ ಮ್ಯಾಟಿನ ಅಡಿಯಲ್ಲಿ ಹದಿನೈದು ದಿನಕ್ಕೆ ಲೋಳೆ ಕಟ್ಟಿ ಮ್ಯಾಟೇ ಜಾರೋದನ್ನ ನೋಡಿದ್ದೀನಿ. ಆ್ಯಸಿಡ್ ಥರದ್ದು ಹಚ್ಚಿ ಒರಟು ಮಾಡಿಕೊಡ್ತೀವಿ ಅಂತಲೂ ಬರ್ತಾರೆ. ಓಡಾಡಿ ಓಡಾಡಿ ಸವೆಯೋ ಕೆಲಸ ಅದು, ಹೊಸ ಮನೆಗೆ ಆ ತೇಪೆ ಯಾಕೆ?

ನನಗೆ ಸಿಟ್ಟಿರೋದು ಆ ಶೋರೂಮ್ ಹುಡುಗನ ಮೇಲಲ್ಲ. ಹದಿನೆಂಟು ಸಾವಿರ ಸಂಬಳದ ಹುಡುಗ, ಅವನಿಗೆ ಹೇಳಿಕೊಟ್ಟದ್ದನ್ನ ಹೇಳ್ದ. ಸಿಟ್ಟಿರೋದು ಒಂದು ಶಬ್ದದಲ್ಲಿ ಎಲ್ಲರೂ ಬಚಾವಾಗೋ ಈ ವ್ಯವಸ್ಥೆಯ ಮೇಲೆ. ಬಿಲ್ಡರಿಗೆ ಮೇಲ್ ಬರೆದೆ. "ಟೈಲ್ಸ್ ನಿಮ್ಮ ಆಯ್ಕೆ" ಅಂತ ಎರಡು ಸಾಲಿನ ಉತ್ತರ ಬಂತು. ಶೋರೂಮಿನವರು "ಕ್ಯಾಟಲಾಗಿನಲ್ಲಿ ಹಾಕಿದ್ದೀವಲ್ಲ ಸಾರ್" ಅಂದ್ರು. ರೇರಾ ಕಾಯ್ದೆಯ 14ನೇ ಸೆಕ್ಷನ್ ಓದಿದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ತೋರಿಸಿದ್ರೆ 30 ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಿಕೊಡಬೇಕು ಅಂತ ಇದೆ. ಸರಿ, ದೋಷ ಅಂತ ಹೇಗೆ ತೋರಿಸಲಿ? ಅಗ್ರಿಮೆಂಟಿನಲ್ಲಿರೋದು "ಆಂಟಿ ಸ್ಕಿಡ್". ಎಷ್ಟು ಆಂಟಿ? ಯಾವ ಸ್ಕಿಡ್ಡಿಗೆ? ಒಣ ನೆಲದಲ್ಲಾ, ಒದ್ದೆ ನೆಲದಲ್ಲಾ? ಅಳತೆಯೇ ಇಲ್ಲದ ಮಾತನ್ನ ಮುರಿಯಲಿಕ್ಕೆ ಯಾರಿಗೂ ಸಾಧ್ಯ ಇಲ್ಲ. ಮೋರ್ಬಿಯ ಕಾರ್ಖಾನೆಗಳು ಹೊರದೇಶಕ್ಕೂ ಟೈಲ್ಸ್ ಕಳಿಸ್ತವೆ. ಅಲ್ಲಿನ ಗಿರಾಕಿ ಅಂಕಿ ಕೇಳ್ತಾನೆ, ಕೊಡ್ತಾರೆ. ಇಲ್ಲಿ ನಾವು ಕೇಳೋದು "ಇದ್ರಲ್ಲೇ ಬೇಜ್ ಕಲರ್ ಇದ್ಯಾ?"

ನಮ್ಮ ಅಪಾರ್ಟ್‌ಮೆಂಟಿನ ಲಾಬಿ ನೋಡಬೇಕು ನೀವು. ಕನ್ನಡಿ ಥರ ಪಾಲಿಶ್ ಮಾಡಿದ ಗ್ರಾನೈಟು. ಮಳೆ ಬಂದ ದಿನ ಅದರ ನಡುವೆ ಒಂದು ಹಳದಿ ಬೋರ್ಡು, ಜಾರಿ ಬೀಳೋ ಮನುಷ್ಯನ ಚಿತ್ರ. ಅಸೋಸಿಯೇಷನ್ ಮೀಟಿಂಗಿನಲ್ಲಿ ಬಾಗಿಲ ಹತ್ತಿರದ ಹತ್ತಡಿಯಾದ್ರೂ ಒರಟು ಕಲ್ಲು ಹಾಕ್ಸೋಣ ಅಂದೆ. ಲುಕ್ ಹಾಳಾಗುತ್ತೆ ಅಂದ್ರು. ಬೋರ್ಡ್ ಇದ್ಯಲ್ಲ ಅಂದ್ರು. ಬಿಟ್ಟಿಲ್ಲ ನಾನು, ಮುಂದಿನ ಮೀಟಿಂಗಿಗೂ ಅಜೆಂಡಾದಲ್ಲಿ ಹಾಕ್ಸಿದ್ದೀನಿ.

ನೀವು ಮನೆ ಕಟ್ಟಿಸ್ತಿದ್ರೆ, ಫ್ಲ್ಯಾಟ್ ಬುಕ್ ಮಾಡ್ತಿದ್ರೆ ಸಹಿಗೆ ಮೊದಲು "ಆಂಟಿ ಸ್ಕಿಡ್" ಅನ್ನೋದನ್ನ ಹೊಡೆದು ಹಾಕಿ, ಪಕ್ಕದಲ್ಲಿ "ಬರಿಗಾಲಿನ ಬಿ ದರ್ಜೆ" ಅಂತಲೋ "ಒದ್ದೆಯಲ್ಲಿ ಲೋಲಕದ ಅಂಕ 36ಕ್ಕೆ ಕಡಿಮೆ ಇಲ್ಲದ್ದು" ಅಂತಲೋ ಬರೆಸಿ, ಪರೀಕ್ಷೆಯ ವರದಿ ಕೇಳಿ. ನಗ್ತಾರೆ, ನಗಲಿ. ಕೊಡದಿದ್ರೆ ಎರಡು ಸ್ಯಾಂಪಲ್ ಟೈಲ್ಸ್ ಮನೆಗೆ ತಂದು ನೆಲಕ್ಕೆ ಅಲುಗದ ಹಾಗೆ ಅಂಟಿಸಿ, ಸೋಪಿನ ನೀರು ಸುರಿದು, ಕುರ್ಚಿಯಲ್ಲಿ ಕೂತುಕೊಂಡೇ ಹಿಮ್ಮಡಿಯಲ್ಲಿ ತಳ್ಳಿ ನೋಡಿ. ಲ್ಯಾಬಿನ ಪರೀಕ್ಷೆಗೆ ಇದು ಸಮ ಅಲ್ಲ, ಗೋಡೆಗೆ ಒರಗಿಸಿದ್ದನ್ನ ಬೆರಳಲ್ಲಿ ಸವರೋದಕ್ಕಿಂತ ಮಾತ್ರ ಸಾವಿರ ಪಾಲು ವಾಸಿ. ಬಚ್ಚಲಿಗೆ ಎರಡಡಿ ಟೈಲ್ಸಿನ ಆಸೆ ಬಿಡಿ. ಒಂದಡಿಯದ್ದೋ ಇನ್ನೂ ಚಿಕ್ಕದೋ ಆದ್ರೆ ಮೇಸ್ತ್ರಿಗೆ ಜಾಲಿ ಕಡೆಗೆ ಇಳಿಜಾರು ಕೊಡಲಿಕ್ಕೆ ಸುಲಭ, ನೀರು ನಿಲ್ಲಲ್ಲ, ಗ್ರೌಟಿನ ಗೆರೆಗಳೂ ಕಾಲಿಗೆ ಹಿಡಿತ ಕೊಡ್ತವೆ.

ನಾನು ಕಳೆದ ತಿಂಗಳು ಆ ನೆಲ ಒಡೆಸಿದೆ. ಮೂವತ್ತೈದು ಚದರಡಿ. ಮೇಸ್ತ್ರಿ ಮತ್ತೆ ಮತ್ತೆ ಕೇಳ್ದ, "ಚೆನ್ನಾಗೇ ಇದ್ಯಲ್ಲ ಸಾರ್, ಒಂದೂ ಕ್ರ್ಯಾಕ್ ಇಲ್ಲ, ಯಾಕೆ ಒಡೆಸ್ತೀರಾ?" ಅಂತ. ಹೊಸದಕ್ಕೆ ಬಿ ದರ್ಜೆಯ ಬೂದು ಬಣ್ಣದ ಚಿಕ್ಕ ಟೈಲ್ಸ್ ಹುಡುಕಲಿಕ್ಕೆ ಐದು ಅಂಗಡಿ ಸುತ್ತಿದೆ. ಗೋಡೆಗೆ ಎರಡು ಕಡೆ ಹಿಡಿಕೆ ಹಾಕ್ಸಿದೆ. ಅಪ್ಪ ಊರಲ್ಲಿದ್ದಾನೆ, ವಾಕರ್ ಹಿಡಿದು ಜಗಲಿ ತನಕ ಬರ್ತಾನೆ. ಅಡಿಕೆ ತೋಟವನ್ನ ಗುತ್ತಿಗೆಗೆ ಕೊಟ್ಟಿದ್ದೇವೆ. ಫೋನ್ ಮಾಡಿ ನೆಲ ಬದಲಾಯಿಸಿದ್ದನ್ನ ಹೇಳಿದೆ, ಡಿಗ್ರಿ ಲೆಕ್ಕವನ್ನೂ ಹೇಳಿದೆ. ಖರ್ಚೆಷ್ಟಾಯ್ತು ಅಂತ ಕೇಳ್ದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದುಡ್ಡಿಗೆ ಇಡೀ ಊರಿನ ಅಂಗಳಕ್ಕೆ ದಬ್ಬೆ ಹಾಸ್ಬೋದಿತ್ತಲ್ಲೋ" ಅಂದ.